ಕ್ಷಮಾವಣಿಯ ದಿನ ಮಾವ ಹೋದ ಮನೆ

ನನ್ನ ಸೋದರಮಾವನ ಹುಬ್ಬುಗಳ ಮೇಲೆ ಸದಾ ಹತ್ತಿಯ ಧೂಳು ಕೂತಿರುತ್ತಿತ್ತು. ಸ್ನಾನ ಮಾಡಿ ಬಸದಿಗೆ ಹೊರಟಾಗಲೂ ಒಂದೆರಡು ಎಳೆ ಅಲ್ಲೇ. ಮಹಾರಾಷ್ಟ್ರದ ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ ಅವನದೂ ಅವನ ಪಾಲುದಾರನದೂ ಸೇರಿ ಒಂದು ವಿದ್ಯುತ್ ಮಗ್ಗಗಳ ಶೆಡ್ಡು ಇತ್ತು. ಮಗ್ಗದ ಸದ್ದಿನಲ್ಲೇ ಬಾಳಿದವನಿಗೆ ಮೆಲ್ಲಗೆ ಮಾತನಾಡುವುದು ಗೊತ್ತಿರಲಿಲ್ಲ. ಗಡಹಿಂಗ್ಲಜದಲ್ಲಿದ್ದ ನನ್ನ ಅವ್ವನಿಗೆ ಫೋನ್ ಮಾಡಿದರೆ ಅವಳು, "ಯಪ್ಪಾ, ಫೋನ್ ಇಡೋ, ಹಂಗ ಕೇಳಸ್ತೈತಿ" ಎನ್ನುತ್ತಿದ್ದಳು.

ಅವನು ಒಳ್ಳೆಯವನಾಗಿದ್ದ ಎಂದು ಬರೆದುಬಿಟ್ಟರೆ ಎಲ್ಲ ಸಲೀಸು. ಆದರೆ ಭಾರಿ ಸಿಟ್ಟಿನವನು. ಉಣ್ಣುವ ತಾಟನ್ನು ಗೋಡೆಗೆ ಎಸೆದವನು. ಅದನ್ನೇ ತೊಳೆದು ತಂದು ಅತ್ತೆಯ ಮುಂದೆ ಇಟ್ಟವನೂ ಅವನೇ. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ನಾವು ಜೈನರು ಒಬ್ಬರಿಗೊಬ್ಬರು "ಉತ್ತಮ ಕ್ಷಮಾ" ಎಂದು ಕೈಮುಗಿಯುತ್ತೇವೆ. ಈಗ ಬಹಳ ಜನರಿಗೆ ಅದು ಮೊಬೈಲಿನಲ್ಲಿ ಕಳಿಸುವ ಸಂದೇಶ. ಮಾವ ಮಾತ್ರ ಮನೆಮನೆಗೆ ಹೋಗುತ್ತಿದ್ದ, ಅದೂ ಜಗಳವಾಡಿದವರ ಮನೆಗೇ ಮೊದಲು. "ಸಿಟ್ಟಿದ್ದಾವ್ರ ಬಾಗಲಕ್ಕ ಹೋಗಬೇಕು. ಪ್ರೀತಿ ಇದ್ದಾವ್ರು ಹೆಂಗಿದ್ರೂ ಕ್ಷಮಾ ಮಾಡ್ತಾರ" ಎನ್ನುತ್ತಿದ್ದ.

ಮಗ್ಗದ ಧಂದೆ ಕುಸಿದಾಗ ಪಾಲುದಾರ ಇವನಿಗೆ ಹೇಳದೆ ಕೆಲವು ಮಗ್ಗಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ. ಮಾವ ಶೆಡ್ಡಿಗೆ ಓಡಿದ. ನಟ್ಟು ಬಿಗಿಯುವ ಪಾನಾ ಪಾಲುದಾರನ ತಲೆಗೆ ಬಿತ್ತು. ಎಸೆದನೋ, ಕಿತ್ತಾಟದಲ್ಲಿ ತಗುಲಿತೋ, ನನಗೆ ಗೊತ್ತಿಲ್ಲ. ಮಾವ ಒಂದೊಂದು ಸಲ ಒಂದೊಂದು ಥರ ಹೇಳಿದ. ನಾನು ನಂಬಲು ಬಯಸಿದ್ದೇ ಈಗ ನನ್ನ ನೆನಪಾಗಿ ಕೂತಿರಬಹುದು.

ಪೊಲೀಸರು ಅವನನ್ನು ಒಯ್ದರು. ಬಂಧನದ ಕಾರಣ ಹೇಳಬೇಕು, ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ವಕೀಲರು ಹೇಳಿದ ಮೇಲೆ ನಮಗೆ ತಿಳಿಯಿತು. ಹಾಕಿದ್ದು ಕೊಲೆ ಯತ್ನದ ಆರೋಪ, ಅದಕ್ಕೆ ಠಾಣೆಯಲ್ಲೇ ಜಾಮೀನು ಸಿಗುವಂತಿರಲಿಲ್ಲ. ಕೆಲವು ವಾರ ಕೊಲ್ಹಾಪುರದ ಜೈಲಿನಲ್ಲಿದ್ದ ಮೇಲೆ ಸೆಷನ್ಸ್ ಕೋರ್ಟು ಜಾಮೀನು ಕೊಟ್ಟಿತು. ನಮ್ಮವರು ಗುಲಾಲು ಹಾರಿಸಿದರು, ಪೇಢೆ ಹಂಚಿದರು. ವಕೀಲರೊಬ್ಬರೇ ಪೇಢೆ ಮುಟ್ಟಲಿಲ್ಲ.

"ಕಾಕಾ, ಸುಟಕಾ ಅಂದ್ರ ಬಿಡುಗಡಿ ಆಗಿಲ್ರಿ, ಬರೇ ಜಾಮೀನ ಆಗೇತಿ. ಫಿರ್ಯಾದಿ ಕಡೆ ಹೋಗಾಂಗಿಲ್ಲ, ಮಾತಾಡಾಂಗಿಲ್ಲ. ತಾರೀಖ ತಪ್ಪಸಾಂಗಿಲ್ಲ. ಸಮಜಲಾ?"

"ಹೌದ್ರಿ ಸಾಹೇಬ್ರ. ಅವನ ಮಾರಿ ಯಾರಿಗೆ ಬೇಕಾಗೇತ್ರಿ!" ಎಂದು ಮಾವ ಕೂಗಿದ್ದಕ್ಕೆ ಆಚೆ ನಿಂತ ಹವಾಲ್ದಾರ ತಿರುಗಿ ನೋಡಿದ.

ಆ ವರ್ಷದ ಕ್ಷಮಾವಣಿ ಬಂತು. ಬೆಳಗ್ಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ವಕೀಲ್ರು ಏನ್ ಹೇಳ್ಯಾರ? ಹೋಗಬ್ಯಾಡ್ರಿ."

"ಕೋರ್ಟು ಜಗಳಾಡಾಕ ಹೋಗಬ್ಯಾಡ ಅಂದೈತಿ. ನಾ ಕೈ ಮುಗ್ಯಾಕ ಹೊಂಟೇನಿ. ಕೈ ಮುಗದ್ರ ಹಿಡಕೊಂಡ ಹೋಗ್ತಾರೇನ, ಹುಚ್ಚಿ?"

ಪಾಲುದಾರನೂ ಜೈನನೇ. ಅವನ ಬಾಗಿಲಲ್ಲಿ ನಿಂತು ಮಾವ ತನಗಿದ್ದ ಒಂದೇ ದನಿಯಲ್ಲಿ ಅರಚಿದ: "ಉತ್ತಮ ಕ್ಷಮಾ! ಆದದ್ದ ಆಗಿ ಹೋತು, ಕ್ಷಮಾ ಮಾಡ! ಇನ್ನ ಈ ಕೇಸ್ ಮುಗಸೂನು!" ಪಾಲುದಾರ ಕೈಮುಗಿದು "ಉತ್ತಮ ಕ್ಷಮಾ" ಎಂದನಂತೆ, ನೀರು ಕೊಟ್ಟನಂತೆ. ಇದು ಮಾವನ ಮಾತು. ಪಾಲುದಾರ ಈಗಲೂ ಇಲ್ಲವೆನ್ನುತ್ತಾನೆ. ಆರೋಪಿ ಮನೆಗೆ ಬಂದು, ಕೇಸು ಹಿಂದೆ ತಗೋ ಎಂದು ಬೆದರಿಸಿದ ಎಂದು ಸಂಜೆಯೇ ಅವನು ಠಾಣೆಗೆ ದೂರು ಕೊಟ್ಟ. ಕೂಗು ಓಣಿಗೆಲ್ಲ ಕೇಳಿತ್ತು, ಸಾಕ್ಷಿಗಳಿಗೆ ಬರವಿರಲಿಲ್ಲ.

ಜಾಮೀನು ರದ್ದು ಮಾಡಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ ವಕೀಲರು ಕ್ಷಮಾವಣಿಯ ಪದ್ಧತಿಯನ್ನೆಲ್ಲ ವಿವರಿಸಿದರು. ನ್ಯಾಯಾಧೀಶರು ಮಾವನನ್ನೇ ಕೇಳಿದರು, ಹೋಗಿದ್ದಿರಾ ಎಂದು. "ಹೋಯ ಸಾಹೇಬ, ಗೇಲೋ ಹೋತೋ" ಎಂದ ಮಾವ ಮರಾಠಿಯಲ್ಲಿ. ಹೌದು, ಹೋಗಿದ್ದೆ ಎಂದು. ಅಷ್ಟಕ್ಕೇ ಶರತ್ತು ಮುರಿದಂತಾಯಿತು, ಜಾಮೀನು ರದ್ದಾಯಿತು.

ವ್ಯಾನು ಹತ್ತುವಾಗ ನನ್ನತ್ತ ತಿರುಗಿ, "ನೋಡಿದೇನ? ಹೊಡದದ್ದಕ್ಕ ಬಿಟ್ರು, ಕೈ ಮುಗದದ್ದಕ್ಕ ಒಳಗ ಹಾಕಿದ್ರು" ಎಂದ. ಅದು ಹೊಡೆದೆನೆಂಬ ತಪ್ಪೊಪ್ಪಿಗೆಯೋ, ಬರೀ ಸಿಟ್ಟೋ, ನಾನಿನ್ನೂ ತೀರ್ಮಾನಿಸಿಲ್ಲ.

ಹೈಕೋರ್ಟು ಮತ್ತೆ ಜಾಮೀನು ಕೊಡುವಷ್ಟರಲ್ಲಿ ಬಹಳ ತಿಂಗಳು ಹೋದವು. ಹೊರಬಂದವನು ಮುಂದಿನ ಕ್ಷಮಾವಣಿಗೆ ಎಲ್ಲಿಗೂ ಹೋಗಲಿಲ್ಲ. ಮನೆಗೆ ಬಂದವರಿಗೂ ಎದ್ದು ಕೈಮುಗಿಯಲಿಲ್ಲ. ಸಾಕ್ಷಿಗಳ ವಿಚಾರಣೆ ಶುರುವಾಗುವ ಮೊದಲೇ ಎದೆನೋವಿನಿಂದ ತೀರಿಕೊಂಡ. ಸತ್ತವನ ಮೇಲೆ ಕೇಸು ನಡೆಯುವುದಿಲ್ಲ. ತಪ್ಪು ಮಾಡಿದವನೆಂದೂ ಅಲ್ಲ, ಮಾಡದವನೆಂದೂ ಅಲ್ಲ, ಆರೋಪಿಯಾಗಿಯೇ ಹೋದ.

ಅವನ ಹಿಂದೆ ಕೋರ್ಟು ಅಲೆದದ್ದಕ್ಕೆ, ಈಗ ಓಣಿಯಲ್ಲಿ ಯಾರನ್ನಾದರೂ ಪೊಲೀಸರು ಒಯ್ದರೆ ಮನೆಯವರು ನನ್ನಲ್ಲಿಗೆ ಬರುತ್ತಾರೆ. ಕಾರಣ ಕೇಳಿ, ಓದದೆ ಸಹಿ ಮಾಡಬೇಡಿ, ವಕೀಲರನ್ನು ಇಡಲು ಗತಿಯಿಲ್ಲದಿದ್ದರೆ ಕೋರ್ಟಿನಿಂದಲೇ ಪುಕ್ಕಟೆ ಕೊಡುತ್ತಾರೆ, ಜಾಮೀನಿನ ಶರತ್ತು ಒಂದೊಂದನ್ನೂ ಓದಿಸಿಕೊಳ್ಳಿ ಎನ್ನುತ್ತೇನೆ. ಮೊನ್ನೆ ಒಬ್ಬ ಹೆಂಗಸು ಬಂದಿದ್ದಳು. ಒಳಗಿದ್ದದ್ದು ಅವಳ ಗಂಡ, ದೂರು ಕೊಟ್ಟವನು ಅವನ ತಮ್ಮ. "ಕೇಸ್ ಮುಗಿಯೂತನಕ ಅವರ ಮನಿಗೆ ಕ್ಷಮಾ ಕೇಳಾಕ ಸೈತ ಹೋಗಬ್ಯಾಡ್ರಿ" ಎಂದೆ.

"ಮುಗಿಯೂತನಕ ಇಬ್ಬರೂ ಬದುಕಿರಬೇಕಲ್ರಿ" ಎಂದಳು.

ನಾನು ವಕೀಲರ ನಂಬರು ಬರೆದುಕೊಟ್ಟೆ.