ದರ್ಶನಕ್ಕೆಂದು ಹೇಳಿ ಕರೆದೊಯ್ದದ್ದು

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವವನು. ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದೇ ನನ್ನ ಕಸುಬು. ಸಿಟ್ಟಿನಿಂದ ಬಂದ ರೈತನಿಗೆ ಚಹಾ ಕುಡಿಸಿ ನಗಿಸಿ ಕಳಿಸಬಲ್ಲೆ, ಮುಖ ಗಂಟು ಹಾಕಿಕೊಂಡ ಖರೀದಿದಾರನನ್ನು ಒಲಿಸಿಕೊಳ್ಳಬಲ್ಲೆ. ಹಾಗಾಗಿ ನಮ್ಮ ಮನೆತನದಲ್ಲಿ ಯಾವ ತೊಡಕು ಬಂದರೂ "ಅವನ್ನ ಕರೀರಿ, ಅವಗ ಬಾಯಿ ಐತಿ" ಅನ್ನುತ್ತಾರೆ. ಇದರ ಬಗ್ಗೆ ನನಗೆ ಸೊಕ್ಕೂ ಇತ್ತು. ಮೂರು ವರ್ಷದ ಹಿಂದೆ ಒಂದು ಶನಿವಾರ ಮಾಡಿದ ಕೆಲಸದ ಮೇಲೆ ಆ ಸೊಕ್ಕು ಇಳಿದಿದೆ.

ರಾಣೆಬೆನ್ನೂರಿಗೆ ಕೊಟ್ಟ ನನ್ನ ಅಕ್ಕನಿಗೆ ಒಬ್ಬಳೇ ಮಗಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸುವುದು ನಮ್ಮಲ್ಲಿ ರೂಢಿ. ಆ ದಿನ ಅತ್ತು ಅತ್ತು ನನ್ನ ಅಂಗಿ ತೋಯಿಸಿದ ಕೂಸು, ಎಲ್ಲ ಮುಗಿದ ಮೇಲೂ ಬೇರೆ ಯಾರ ಕೈಗೂ ಹೋಗಲಿಲ್ಲ. ದೊಡ್ಡವಳಾದ ಮೇಲೂ ಅಷ್ಟೇ, ಅಪ್ಪ ಅವ್ವನಿಗೆ ಹೇಳದ್ದನ್ನು ನನಗೆ ಫೋನ್ ಮಾಡಿ ಹೇಳುತ್ತಿದ್ದಳು. ಪಿಯುಸಿ ಮೊದಲ ವರ್ಷದಲ್ಲಿ ಆಕೆ ಅಜ್ಜಿಯ ಔಷಧದ ಡಬ್ಬಿಯಿಂದ ನಿದ್ದೆ ಗುಳಿಗೆ ಕದ್ದು ನುಂಗತೊಡಗಿದಳು. ಕಾಲೇಜು ಬಿಟ್ಟಳು. ಗುಳಿಗೆ ಬಚ್ಚಿಟ್ಟರೆ ಪಾತ್ರೆ ಎತ್ತಿ ಎಸೆಯುವಳು. ಎರಡು ಸಲ ಮನೆ ಬಿಟ್ಟು ಹೋಗಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಹುಡುಗಿ ಕೆಟ್ಟಳು ಅಂದವರು ನಾವು. ಇದು ಕಾಯಿಲೆ ಅಂದವರು ಡಾಕ್ಟರು.

"ಇದು ಮನ್ಯಾಗ ಇಟಗೊಂಡು ವಾಸಿ ಆಗೂದಲ್ಲ," ಎಂದು ಅವರು ಅಕ್ಕನಿಗೂ ಭಾವನಿಗೂ ನನಗೂ ಹೇಳಿದರು. "ಹಾವೇರಿ ಹೊರಗ ಹುಡುಗ್ಯಾರನ್ನ ಇಟಗೊಂಡು ಚಟ ಬಿಡಿಸೋ ಕೇಂದ್ರ ಐತಿ. ಮೂರು ತಿಂಗಳು ಅಲ್ಲಿರಲಿ. ಆದರ ಆಕಿಗೆ ಎಲ್ಲಾ ಹೇಳೇ ಕರಕೊಂಡ ಹೋಗ್ರಿ."

ಅಕ್ಕ ಹೇಳಿಯೇ ಕರೆದೊಯ್ಯೋಣ ಅಂದಳು. ನಾನು ಬಿಡಲಿಲ್ಲ. "ಹೇಳಿದರ ಮೂರನೇ ಸಲ ಓಡಿ ಹೋಗ್ತಾಳ. ನಿನಗ ತಿಳಿಯಂಗಿಲ್ಲ, ಸುಮ್ನಿರು," ಎಂದು ಗದರಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಉಪಾಯ ನನ್ನಲ್ಲಿತ್ತು: ಶನಿವಾರ ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಅಂತ ಹೇಳಿ ಹೊರಡಿಸುವುದು. ದೇವರಿಗೆ ಹೋಗೋಣ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಅದರಲ್ಲೂ ನಾನು ಅಂದರೆ.

ಭಾವ ಬೆಳಿಗ್ಗೆಯೇ ಕಾಗದಪತ್ರ ಹಿಡಿದು ಬಸ್ಸಿನಲ್ಲಿ ಹಾವೇರಿಗೆ ಹೋದ. ಅಕ್ಕನ ಮುಖ ನೋಡಿದರೆ ಸಾಕು, ಗುಟ್ಟು ತಿಳಿಯುತ್ತಿತ್ತು. ಆಕೆಯನ್ನು ಮನೆಯಲ್ಲೇ ಬಿಟ್ಟೆ. ಹುಡುಗಿ ತಲೆ ಎರೆದುಕೊಂಡು, ಎಷ್ಟೋ ತಿಂಗಳ ಮೇಲೆ ಹೂ ಮುಡಿದು ಬಂದು ನನ್ನ ಕಾರಿನಲ್ಲಿ ಕೂತಳು. ಕಾಯಿ ಕರ್ಪೂರದ ಚೀಲ ತೊಡೆಯ ಮೇಲಿತ್ತು. ಅವಲಕ್ಕಿ ಕೊಟ್ಟರೆ ಮುಟ್ಟಲಿಲ್ಲ. ದರ್ಶನ ಆಗುವವರೆಗೆ ಏನೂ ತಿನ್ನುವುದಿಲ್ಲ ಅಂದಳು.

ಹೆದ್ದಾರಿ ಹಿಡಿದರೆ ಹಾವೇರಿ ಬೇಗ ಸಿಗುತ್ತಿತ್ತು. ಆಕೆಗೆ ಸಂಶಯ ಬಾರದಿರಲೆಂದು ಕದರಮಂಡಲಗಿ ರಸ್ತೆಯನ್ನೇ ಹಿಡಿದೆ. ಊರು ಇನ್ನೇನು ಬರಬೇಕು, ಆಗ ಆಕೆ ಮೆಲ್ಲಗೆ ಅಂದಳು:

"ಮಾಮಾ, ಯಾರಿಗೂ ಹೇಳಬ್ಯಾಡ. ಇವತ್ತ ಹನುಮಪ್ಪನ ಮುಂದ ಆಣಿ ಮಾಡಬೇಕಂತ ಮಾಡೇನಿ, ಗುಳಿಗಿ ಬಿಡ್ತೇನಿ ಅಂತ. ನೀ ಬಾಜೂಕ ನಿಂದ್ರಬೇಕ ನೋಡು."

ಇಲ್ಲಿ ನಾನು ಕಾರು ನಿಲ್ಲಿಸಬೇಕಿತ್ತು. ಹತ್ತು ನಿಮಿಷದ ಕೆಲಸ. ಆಣೆ ಮಾಡಿಸಿ, ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಮುಂದಿನ ಮಾತನ್ನೂ ಹೇಳಬಹುದಿತ್ತು. ಆದರೆ ಇಳಿದರೆ ಆಕೆ ಓಡಿ ಹೋದಾಳು ಅನ್ನುವ ಭಯ. ಅದಕ್ಕಿಂತ ಹೆಚ್ಚಿನ ಭಯ, ಆ ಮುಖ ನೋಡಿ ನಾನೇ ಕರಗಿ ಮನೆಗೆ ತಿರುಗಿಸಿಯೇನು ಎಂದು. "ಶನಿವಾರದ ಗದ್ದಲ ಭಾಳ ಐತಿ. ಹಾವೇರಿಯಾಗ ಒಂದ ಸಣ್ಣ ಕೆಲಸ ಮುಗಿಸಿ, ಬರೂ ಮುಂದ ಇಳಿಯೋಣು," ಅಂದೆ. ಆಕೆ ಹೂಂ ಅಂದಳು. ಓಡುವ ಕಾರಿನಿಂದಲೇ ಗುಡಿಯ ಕಡೆ ತಿರುಗಿ ಕೈ ಮುಗಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಅವತ್ತು ಆ ಪೂಜಾರಿ ನಾನಾಗಿದ್ದೆ.

ಕೇಂದ್ರದ ಗೇಟಿನಲ್ಲಿ ಭಾವ ನಿಂತಿದ್ದ. ಅಪ್ಪನನ್ನು ಅಲ್ಲಿ ಕಂಡದ್ದೇ ಹುಡುಗಿಗೆ ಎಲ್ಲ ತಿಳಿಯಿತು. ಅಳಲಿಲ್ಲ, ಚೀರಲಿಲ್ಲ, ಓಡಲೂ ಇಲ್ಲ. ನನ್ನನ್ನು ಒಮ್ಮೆ ನೋಡಿ ಚೀಲ ಸೀಟಿನ ಮೇಲಿಟ್ಟು ಇಳಿದಳು. ಒಳಗೆ ಆಪ್ತ ಸಮಾಲೋಚನೆ ಮಾಡುವ ಮೇಡಂ ಉಪ್ಪಿಟ್ಟು ತರಿಸಿದರು. ಆಕೆ ತಟ್ಟೆ ಸರಿಸಿದಳು. "ಯಾಕ ಉಣವಲ್ಲಳು?" ಎಂದು ಮೇಡಂ ನನ್ನನ್ನು ಕೇಳಿದರು. ದರ್ಶನದ ಉಪವಾಸ ಅಂದರೆ ನನ್ನ ಬಣ್ಣ ಬಯಲಾಗುತ್ತಿತ್ತು. "ಹಸಿವಿಲ್ಲ ಅಂತ ಕಾಣತೈತ್ರಿ," ಅಂದೆ. ಹುಡುಗಿ ಕೇಳಿಸಿಕೊಂಡಳು.

ನಾಲ್ಕು ವಾರ ಯಾರನ್ನೂ ಭೇಟಿಗೆ ಬಿಡಲಿಲ್ಲ. ಬಿಟ್ಟ ಮೊದಲ ದಿನವೇ ಅಕ್ಕ ಮಗಳ ಎರಡೂ ಕೈ ಹಿಡಿದು, "ನನಗ ಗೊತ್ತಿತ್ತವ್ವಾ, ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪಾತು," ಎಂದು ಅತ್ತಳು. ಇಬ್ಬರೂ ಅತ್ತರು. ನಾನು ಆಕೆಗೆ ಇಷ್ಟವೆಂದು ಮಂಡಕ್ಕಿಯ ಗಿರ್ಮಿಟ್ ಕಟ್ಟಿಸಿಕೊಂಡು ಹೋಗಿದ್ದೆ. "ಎಲ್ಲಾ ನಿನ್ನ ಒಳ್ಳೇದಕ್ಕ ಮಾಡಿದ್ದವ್ವಾ," ಅಂದೆ.

"ಗೊತ್ತೈತಿ ಮಾಮಾ," ಅಂದಳು. ಗಿರ್ಮಿಟ್ಟಿನ ಪೊಟ್ಟಣದ ದಾರ ಬಿಚ್ಚುತ್ತ, "ಖರೇ ಹೇಳಿದ್ರೂ ಬರ್ತಿದ್ದೆ," ಅಂದಳು.

ತಪ್ಪಾಯಿತು ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಊಟ ಹೆಂಗ ಕೊಡ್ತಾರ, ನೀರು ಬಿಸಿ ಇರತಾವೋ ಇಲ್ಲೋ ಎಂದು ಕೇಳುತ್ತ ಕೂತೆ. ಚಿಕ್ಕ ಹುಡುಗಿಯ ಮುಂದೆ ತಲೆ ಬಗ್ಗಿಸಲು ನನ್ನ ಹಿರಿತನ ಅಡ್ಡ ಬಂತು. ಎಂಥ ಹಿರಿತನ!

ಮೂರು ತಿಂಗಳಲ್ಲಿ ಆಕೆ ಸುಧಾರಿಸಿದಳು. ಗುಳಿಗೆ ಇಲ್ಲದೆ ನಿದ್ದೆ ಬರುತ್ತಿತ್ತು, ಕೆನ್ನೆ ತುಂಬಿತ್ತು. ಮನೆಗೆ ಕಳಿಸುವ ಕಾಗದಕ್ಕೆಲ್ಲ ಭಾವ ಹಿಂದಿನ ದಿನವೇ ಸಹಿ ಹಾಕಿ ಬಂದಿದ್ದ. ಕರೆತರುವ ಕೆಲಸ, ಕಾರಿದ್ದವನೆಂದು, ನನಗೆ ಬಂತು. ಖುಷಿಯಿಂದಲೇ ಹೋದೆ.

ಹುಡುಗಿ ಬ್ಯಾಗು ಹಿಡಿದು ಬಂದಳು, ನನ್ನನ್ನು ನೋಡಿ ನಕ್ಕಳು. ನಾನು ಕಾರಿನ ಬಾಗಿಲು ತೆಗೆದೆ. ಆಕೆ ಹತ್ತಲಿಲ್ಲ, ಹಿಂದೆ ಬಂದಿದ್ದ ಮೇಡಂ ಕಡೆ ತಿರುಗಿದಳು.

"ಮೇಡಂ, ಎಲ್ಲಿಗೆ ಕರಕೊಂಡ ಹೊಂಟಾನ, ಕೇಳ್ರಿ."

"ಮನಿಗವ್ವಾ, ರಾಣೆಬೆನ್ನೂರಿಗೆ," ಅಂದೆ ನಾನೇ.

"ಅವ್ವಗ ಒಂದ ಫೋನ್ ಹಚ್ಚಿ ಕೇಳ್ರಿ ಮೇಡಂ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಒಮ್ಮೆ ಕೇಳುತ್ತೇವಲ್ಲ, ಹಾಗೆ ಕೇಳಿದಳು.

ಮೇಡಂ ನನ್ನ ಮುಂದೆಯೇ ಫೋನ್ ಹಚ್ಚಿದರು. ಅಕ್ಕ ಹೌದು ಅಂದಳು. ಆಮೇಲೆ ಹುಡುಗಿ ಕಾರು ಹತ್ತಿದಳು.