ಗುಡ್ಡದ ಕೆರೆಗೆ ಹೊರಟ ಅಕ್ಕ

ಮೊನ್ನೆ ಎಮ್ಮಿಗನೂರಿನಲ್ಲಿ ನಾದಿನಿಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಎಮ್ಮೆಗೆಂದು ನೆನೆಸಿಟ್ಟ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿತ್ತವಾಡ್ಗಿಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು. ಅದೇ ಹಿಂಡಿಯನ್ನು ಜೋಳದ ಹಿಟ್ಟಿನೊಂದಿಗೆ ನಾದಿ, ಗೋಲಿಯಷ್ಟು ಉಂಡೆ ಕಟ್ಟುತ್ತಾ ಹೊಸ್ತಿಲಲ್ಲಿ ಕೂತಿರುತ್ತಿದ್ದರು...

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಅಕ್ಕನ ಯಜಮಾನರೂ ಅಂಥ ಲಾರಿ ಓಡಿಸುತ್ತಿದ್ದರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಕಂಪ್ಲಿಯ ಹೊಳೆದಂಡೆಯಲ್ಲಿ ಬಲೆ ಬೀಸುವವರ ಮನೆಯಲ್ಲಿ ಹುಟ್ಟಿದವರು. ಒಂದು ದಿನ ಸಂಡೂರಿನ ಘಾಟಿನಲ್ಲಿ ಲಾರಿ ಮಗುಚಿ ಕಾಲು ಮುರಿಯಿತು. ಎಂಟು ತಿಂಗಳಿಗೆ ಮೂಳೆ ಕೂಡಿತು, ಆದರೆ ಅವರು ಮತ್ತೆ ಯಾವ ಗಾಡಿಯನ್ನೂ ಹತ್ತಲಿಲ್ಲ. ಆಟೋ ಕೂಡ ಬೇಡವೆನ್ನುತ್ತಿದ್ದರು. ಓಣಿಯ ಕೊನೆಯ ಬೇವಿನ ಮರದವರೆಗೆ ನಡೆದು ಹೋಗಿ ಬಂದು ಮಂಚದ ಮೇಲೆ ಕೂತರೆ ಮುಗಿಯಿತು. ಮಾತೂ ಕಡಿಮೆಯಾಗಿತ್ತು. ಅಕ್ಕ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿದು ಸಂಸಾರ ತೂಗಿಸುತ್ತಿದ್ದರು.

ಸಂಡೂರಿನಾಚೆ ಗುಡ್ಡಗಳ ನಡುವೆ ಒಂದು ಕೆರೆಯಿತ್ತು. ಲಾರಿ ಓಡಿಸುವಾಗ ಅದನ್ನು ಕಂಡು, ಒಂದು ದಿನ ಇಲ್ಲಿ ಗಾಳ ಹಾಕಿ ಕೂರಬೇಕು ಎಂದು ಅಣ್ಣ ಯಾವಾಗಲೋ ಹೇಳಿದ್ದರಂತೆ. ಅಕ್ಕ ಆ ಒಂದು ಮಾತನ್ನು ಹಿಡಿದರು. ನೈಲಾನ್ ದಾರ, ಕೊಕ್ಕೆ ತಂದರು. ಜೋಳದ ದಂಟಿನ ಬೆಂಡನ್ನು ಕತ್ತರಿಸಿ ನೀರಿನ ಮೇಲೆ ತೇಲಲೆಂದು ದಾರಕ್ಕೆ ಪೋಣಿಸಿದರು. ಮೀನಿಗೆಂದು ಕಟ್ಟಿದ ಹಿಂಡಿಯ ಉಂಡೆ ನೀರಲ್ಲಿ ಕರಗುತ್ತದೋ ಇಲ್ಲವೋ ಎಂದು ಬಕೆಟ್ಟಿನಲ್ಲಿ ಹಾಕಿ ಹಾಕಿ ನೋಡುತ್ತಿದ್ದರು. ಅವರಿಗೆ ಮೀನು ಹಿಡಿಯುವುದರ ಗಂಧಗಾಳಿಯೂ ಇರಲಿಲ್ಲ. ಮಂಚದ ಮೇಲಿಂದ ಅಣ್ಣ ಎಲ್ಲವನ್ನೂ ನೋಡುತ್ತಿದ್ದರು.

ದಾರಿಯದೇ ಚಿಂತೆಯಾಗಿತ್ತು. ಆ ಲಾರಿಗಳ ಸಾಲಿನ ನಡುವೆ ಅಣ್ಣನನ್ನು ಕರೆದೊಯ್ಯುವುದು ಹೇಗೆ? ಅಮಾವಾಸ್ಯೆಯ ಬೆಳಿಗ್ಗೆ ಲಾರಿಗಳು ಪೂಜೆ ಮುಗಿಸಿ ತಡವಾಗಿ ಹೊರಡುತ್ತವೆ, ರಸ್ತೆ ಖಾಲಿ ಇರುತ್ತದೆ ಎಂದು ಒಬ್ಬ ಕಂಡಕ್ಟರ್ ಹೇಳಿದ್ದೇ ಅಕ್ಕ ಅಮಾವಾಸ್ಯೆಯನ್ನೇ ಗೊತ್ತು ಮಾಡಿದರು. ಅವತ್ತು ಅವರ ಮನೆಯಲ್ಲಿ ಮೀನು ತಿನ್ನುವುದಿಲ್ಲವಲ್ಲ ಎಂದು ನಾನು ನೆನಪಿಸಿದೆ.

“ತಿನ್ನಾಕಲ್ಲ ತಂಗಿ, ಕುಂದ್ರಾಕ ಹೊಂಟೀವಿ,” ಎಂದರು. “ಸಿಕ್ಕರ ವಾಪಸ್ ಬಿಡಾದು. ಈಗ ನೀನೂ ಬರಬೋದು ನೋಡು.”

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನಿನ ಹೆಸರೆತ್ತಿದರೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೊಲ್ಲುವುದಿಲ್ಲ ಎಂದ ಮೇಲೆ ಅವರೂ ಒಪ್ಪಿ, ಬುತ್ತಿಗೆ ಮೊಸರನ್ನ ಕಟ್ಟಿಕೊಟ್ಟರು.

ಬಸ್ ಸ್ಟ್ಯಾಂಡಿನವರೆಗೆ ಮೂವರೂ ನಡೆದೇ ಹೋದೆವು. ಸಂಡೂರಿನ ಬಸ್ಸು ಬಂತು. ಅಣ್ಣ ಬಾಗಿಲ ಕಂಬಿ ಹಿಡಿದರು, ಬಿಟ್ಟರು. ಬಸ್ಸು ಹೋಯಿತು. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮನೆಗೆ ಹಿಂದಿರುಗೋಣ ಎಂದು ನನಗನಿಸಿತು. ಅಕ್ಕ ಅವರ ಮುಖ ನೋಡಲಿಲ್ಲ. ಎರಡನೆಯ ಬಸ್ಸು ಬಂದಾಗ ನನ್ನ ಕೈ ಹಿಡಿದು ತಾವೇ ಹತ್ತಿದರು, ಕಿಟಕಿಯಿಂದ ದಾರದ ತುದಿ ಹೊರಗೆ ಚಾಚಿದರು.

“ನೀವು ಬರಾದು ಬ್ಯಾಡ್ರಿ. ನಾವ ಹೋಗಿ ಬರ್ತೀವಿ. ಕೊಕ್ಕಿಗೆ ಗಂಟು ಹೆಂಗ ಹಾಕಾದು, ಅಷ್ಟು ಹೇಳಿಬಿಡ್ರಿ.”

ಅಣ್ಣ ಕಿಟಕಿಯ ಕೆಳಗೆ ನಿಂತು ಆ ಗಂಟನ್ನು ನೋಡಿದರು. ಮೂರು ತಿಂಗಳಿಂದ ನೋಡುತ್ತಲೇ ಇದ್ದ ತಪ್ಪು ಗಂಟು ಅದು.

“ಹಂಗಲ್ಲ ಅದು,” ಎಂದರು. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಅಣ್ಣ ಒಂದು ಗಳಿಗೆ ನಿಂತರು. ಆಮೇಲೆ ಎರಡೂ ಕೈಯಿಂದ ಕಂಬಿ ಹಿಡಿದು ಹತ್ತಿದರು. ಘಾಟು ಮುಗಿಯುವವರೆಗೆ ಅವರು ಕಣ್ಣು ತೆರೆಯಲಿಲ್ಲ. ಅಕ್ಕ ಅವರ ಮುಂಗೈ ಬಿಡಲಿಲ್ಲ.

ಕೆರೆಯ ದಂಡೆಯ ಮಣ್ಣು ಕೆಂಪಗಿತ್ತು, ನಡುವಿನ ನೀರು ತಿಳಿಯಾಗಿತ್ತು. ಅಣ್ಣ ಗಂಟು ಬಿಚ್ಚಿ ಮತ್ತೆ ಹಾಕಿಕೊಟ್ಟರು. ಇಬ್ಬರ ಗಾಳಕ್ಕೂ ಏನೂ ಬೀಳಲಿಲ್ಲ. ಬಿದ್ದದ್ದು ಸುಮ್ಮನೆ ಹಿಡಿದು ಕೂತಿದ್ದ ನನ್ನ ಗಾಳಕ್ಕೆ, ಅಂಗೈಯಷ್ಟು ಜಿಲೇಬಿ ಮೀನು. ನಾನು ಗಾಳದ ಕೋಲನ್ನು ದಂಡೆಗೆ ಎಸೆದು ಓಡಿದೆ. ಅಣ್ಣ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಕುಂಟುತ್ತಾ ಹೋಗಿ ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟರು. ಅಕ್ಕ ನಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಮರುವರ್ಷ ಅವರು ಕಂಪ್ಲಿಗೆ ಮನೆ ಬದಲಾಯಿಸಿದರು. ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು, ಆಮೇಲೆ ಅದೂ ಅಪರೂಪವಾಯಿತು... ಕಳೆದ ವರ್ಷ ಅಕ್ಕ ತೀರಿಹೋದ ಸುದ್ದಿ ನನಗೆ ತಿಳಿದದ್ದು ವಾರದ ಮೇಲೆ. ಮಾತಾಡಿಸಲು ಹೋದಾಗ ಅಣ್ಣ ಅಂಗಳದಲ್ಲಿ ಆಟೋ ತೊಳೆಯುತ್ತಿದ್ದರು. ಹನ್ನೆರಡು ವರ್ಷದಿಂದ ತಾವೇ ಓಡಿಸುತ್ತಿರುವುದಾಗಿ ಹೇಳಿದರು. ಹೊರಡುವಾಗ “ಕುಂದ್ರವಾ, ಬಸ್ಸಿಗೆ ಬಿಡ್ತೀನಿ” ಎಂದು ನನ್ನನ್ನು ಅದರಲ್ಲೇ ಕರೆತಂದರು. ಎದುರಿಗೆ ಭಾರದ ಲಾರಿಯೊಂದು ಬಂದಾಗ ನಾನು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದೆ. ಅವರು ಹಾರ್ನ್ ಹೊಡೆದು, ಪಕ್ಕಕ್ಕೆ ಸರಿದು, ನಿರಾಳವಾಗಿ ದಾಟಿಸಿದರು.

ಬಸ್ಸಿನಲ್ಲಿ ಕೂತ ಮೇಲೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನು ಕೈಗೆತ್ತಿಕೊಂಡೆ. ಇದನ್ನು ಕೇಳಿ ನನ್ನಷ್ಟೇ ಖುಷಿಪಡುತ್ತಿದ್ದವರು ಒಬ್ಬರೇ. ಅವರ ನಂಬರು ನನ್ನಲ್ಲಿ ಇನ್ನೂ ಇದೆ.