ದೇವರ ಪಟದ ಮುಂದೆ ಎಂಟು ದಿನ ಕೂತ ಪೆನ್ನು

ಗಿರಾಕಿಗಳು ಮರೆತು ಹೋದ ವಸ್ತುವನ್ನು ದುಡ್ಡಿನ ಗಲ್ಲೆಯ ಹಿಂದಿನ ದೇವರ ಪಟದ ಮುಂದೆ ಇಡುವುದು ನಮ್ಮ ಹೋಟೆಲಿನಲ್ಲಿ ಅಪ್ಪನ ಕಾಲದಿಂದ ಬಂದ ಕ್ರಮ. ಕೊಡೆ, ಕನ್ನಡಕ, ಲೋಕಲ್ ಟ್ರೈನಿನ ಪಾಸು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಅಲ್ಲಿ ಕೂತದ್ದುಂಟು. ಕೇಳಿ ಬಂದವರು ಗುರುತು ಹೇಳಬೇಕು, ಗುರುತು ಸರಿಯಾದರೆ ಮರುಮಾತಿಲ್ಲದೆ ಕೊಡಬೇಕು. "ಕೊಡುವಾಗ ಬುದ್ಧಿವಾದ ಹೇಳಬಾರದು" ಅನ್ನುವುದೂ ಅಪ್ಪನ ಕಟ್ಟಳೆ.

ಹಾಗಾಗಿ ಆ ಸೋಮವಾರ ಕಿಟಕಿ ಪಕ್ಕದ ಟೇಬಲಿನಡಿ ಸಿಕ್ಕಿದ ದಪ್ಪ ಹಳದಿ ಪೆನ್ನನ್ನೂ ಅಲ್ಲೇ ಇಟ್ಟೆ. ಪೆನ್ನೇ ಅಂದುಕೊಂಡಿದ್ದೆ ಮಾರಾಯ್ರೇ! ಮುಂಬಯಿಯ ಕಾಂದಿವಲಿಯಲ್ಲಿ ಕಾಲೇಜೊಂದರ ಎದುರು ನಮ್ಮ ಹೋಟೆಲು, ಮಕ್ಕಳು ಪುಸ್ತಕಕ್ಕೆ ಗೆರೆ ಎಳೆಯುವ ಬಣ್ಣದ ಪೆನ್ನು ಬಿಟ್ಟುಹೋಗುವುದು ದಿನಾ ಇದ್ದದ್ದೇ. ಮಾವಿನಹಣ್ಣಿನ ಪರಿಮಳ ಬೇರೆ ಬರುತ್ತಿತ್ತು. ಈಗ ಪೆನ್ನಿಗೂ ಪರಿಮಳ ಬೇಕಾಯಿತಲ್ಲ ಎಂದು ನಕ್ಕೆ. ದಿನಾ ಪಟಕ್ಕೆ ಹೂವಿಡುವಾಗ ಅದರ ಮೇಲೂ ಒಂದೆರಡು ಎಸಳು ಬೀಳುತ್ತಿತ್ತು, ಊದುಬತ್ತಿಯ ಹೊಗೆಯೂ ತಾಗುತ್ತಿತ್ತು.

ಆಗ ನನ್ನ ತಲೆ ತಿನ್ನುತ್ತಿದ್ದದ್ದು ಮಗಳ ಕೆಮ್ಮು. ಹನ್ನೆರಡನೆಯ ಕ್ಲಾಸಿನವಳು. ಮನೆಯಲ್ಲಿ ಅರ್ಧ ಹಿಂದಿ ಬೆರೆಸಿ ಮಾತಾಡುತ್ತಾಳೆ, ಯಕ್ಷಗಾನದ ಮಾತು ಎತ್ತಿದಳೋ, ನಮ್ಮ ಅಜ್ಜಿಯೇ ಎದ್ದು ಬಂದ ಹಾಗೆ ಕನ್ನಡ. ನಮ್ಮ ಕನ್ನಡ ಸಂಘದ ಯಕ್ಷಗಾನದ ಆಟಕ್ಕೆ ಈ ಸಲ ಅವಳಿಗೆ ಪುಂಡುವೇಷ ಸಿಕ್ಕಿತ್ತು. ಯುದ್ಧಕ್ಕೆ ಹೊರಟ ಎಳೆಯ ವೀರ. ಮಂಡಿಯೂರಿ ರಂಗಸ್ಥಳವಿಡೀ ಗಿರಗಿರ ಸುತ್ತಬೇಕು, ಎದ್ದ ಉಸಿರಿನಲ್ಲೇ ಮಾತು ಶುರು ಮಾಡಬೇಕು. ಇವಳು ಎದ್ದು ಬಾಯಿ ತೆರೆದರೆ ಬರುವುದು ಕೆಮ್ಮು. ಕಲಿಸುವ ಗುರುಗಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ಬರುವ ವಾರದ ಆದಿತ್ಯವಾರದೊಳಗೆ ದಮ್ಮು ಕೂಡಿ ಬರದಿದ್ದರೆ ವೇಷ ಬೇರೆಯವರಿಗೆ." ನಾನು ಮೆಟ್ರೋ ಕೆಲಸದ ಧೂಳಿಗೆ ಬೈದೆ, ನಮ್ಮದೇ ಅಡುಗೆಮನೆಯ ಒಗ್ಗರಣೆಗೆ ಬೈದೆ, ಕಾಳುಮೆಣಸಿನ ಕಷಾಯ ಕುಡಿಸಿದೆ. ಕೆಮ್ಮು ಜಗ್ಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಚಹಾಕ್ಕೆ ಬಂದ ಬೀಟಿನ ಪೊಲೀಸರು ಪಟದ ಕಡೆ ನೋಡಿ ಮರಾಠಿಯಲ್ಲಿ ಕೇಳಿದರು, "ಏನಣ್ಣಾ, ದೇವರಿಗೂ ಚಟ ಹಿಡಿಸಿದಿರಾ?"

"ಎಂಥ ಚಟ?"

"ಅದು ವೇಪ್. ಎಲೆಕ್ಟ್ರಾನಿಕ್ ಸಿಗರೇಟು. ಇಡೀ ದೇಶದಲ್ಲಿ ಬಂದ್. ಮಾರುವುದು ಹಾಗಿರಲಿ, ದಾಸ್ತಾನು ಇಡುವುದೂ ಗುನ್ಹಾ."

ಕೂಡಲೇ ಅದನ್ನು ಪಟದ ಮುಂದಿನಿಂದ ತೆಗೆದು ಅವರ ಕಡೆ ಚಾಚಿದೆ. "ಹಾಗಾದರೆ ನೀವೇ ತೆಗೆದುಕೊಂಡು ಹೋಗಿ ಸಾಹೇಬರೇ."

"ಒಂದು ಪೀಸಿಗೆ ಪಂಚನಾಮೆ ಯಾರು ಬರೆಯುವುದು? ಕಸಕ್ಕೆ ಹಾಕಿ."

ಕಸದ ಗಾಡಿಯವನು ಕೈಯಲ್ಲೂ ಮುಟ್ಟಲಿಲ್ಲ. ಒಳಗೆ ಬ್ಯಾಟರಿ ಇದೆಯಂತೆ, ಗಾಡಿಗೆ ಬೆಂಕಿ ಹತ್ತಿದರೆ ಯಾರು ಹೊಣೆ ಎಂದ. ಸಿಟ್ಟು ನೆತ್ತಿಗೇರಿ, ಮಕ್ಕಳಿಗೆ ಇದನ್ನು ಮಾರುವವನು ಇವನೇ ಇರಬೇಕೆಂದು ರಸ್ತೆ ದಾಟಿ ಪಾನಿನ ಅಂಗಡಿಗೆ ಹೋದೆ. ಕಾಲೇಜಿನ ಗೋಡೆಯ ಮೇಲೆ, ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು ಆಳೆತ್ತರದ ಅಕ್ಷರ. ಅದರ ನೆರಳಲ್ಲೇ ಅವನ ಅಂಗಡಿ. ಆ ಬರಹದ ಕಡೆ ಕೈ ತೋರಿಸಿದೆ.

"ಇದು ತಂಬಾಕು ಅಲ್ಲ ಅಣ್ಣಾ, ಫ್ರೂಟು. ಮ್ಯಾಂಗೋ ಇದೆ, ಲೀಚಿ ಇದೆ, ಪಾನ್ ಕೂಡ ಇದೆ."

ಪಾನಿನ ಅಂಗಡಿಯಲ್ಲಿ ಪಾನಿನ ರುಚಿಯ ಮಿಷನ್ನು! "ಅಲ್ಲ ಮಾರಾಯ, ಇದು ಬಂದ್ ಅಲ್ವಾ?"

"ಬಂದ್ ಇದೆಯಲ್ಲ, ಅದಕ್ಕೇ ಒಳಗೆ ಇಟ್ಟಿದ್ದೇನೆ."

ಇಂಥವರ ಹತ್ತಿರ ಏನು ಮಾತಾಡುವುದು? ಅವನ ಮೇಲೆ ತೀರದ ಸಿಟ್ಟನ್ನು ಹೊತ್ತುಕೊಂಡು ಹೋಟೆಲಿಗೆ ವಾಪಸು ಬಂದೆ. ಕಿಟಕಿ ಪಕ್ಕದ ಟೇಬಲಿನಲ್ಲಿ ದಿನಾ ಕೂರುವ ಕಾಲೇಜು ಹುಡುಗ ಮಸಾಲೆ ದೋಸೆ ತಿನ್ನುತ್ತಿದ್ದ. ಉದ್ದ ಕೂದಲು, ಕಿವಿಯಲ್ಲಿ ವಯರು. ನನಗೆ ಅಷ್ಟೇ ಸಾಕಾಯಿತು. "ಇದು ನಿನ್ನದೇ ಅಲ್ವಾ? ನಾಳೆಯಿಂದ ಈ ಹೋಟೆಲಿಗೆ ಕಾಲಿಡಬೇಡ!" ಎಂದು ಎಲ್ಲರೆದುರು ಕೂಗಿದೆ. "ನಹೀಂ ಅಂಕಲ್" ಅಂದವನು ಅರ್ಧ ದೋಸೆ ಬಿಟ್ಟು ಎದ್ದುಹೋದ.

ಕಾಲೇಜಿಗೆ ಹೊರಟ ಮಗಳು ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದಳು. ಎದ್ದು ಬಂದಳು. ಯಾವಾಗಲೂ ಗಲ್ಲೆಯ ಒಳಬದಿಗೆ ಬಂದು ನನ್ನ ಹೆಗಲಿಗೆ ತಾಗಿ ನಿಲ್ಲುವವಳು ಅವತ್ತು ಗಿರಾಕಿಗಳು ನಿಲ್ಲುವ ಬದಿಯಲ್ಲಿ ನಿಂತಳು.

"ಪಪ್ಪಾ, ಗುರುತು ಹೇಳ್ಲಾ?"

"ಎಂಥದ್ದರ ಗುರುತು?"

"ಅಡಿಯಲ್ಲಿ ನೇಲ್ ಪಾಲಿಶ್‌ದು ಒಂದು ಚುಕ್ಕಿ ಇದೆ. ನೀಲಿ. ಫ್ರೆಂಡ್ಸ್ ಹತ್ರ ಎಲ್ಲ ಸೇಮ್ ಇತ್ತು, ಬದ್ಲಿ ಆಗ್ಬಾರ್ದಂತ ಹಾಕಿದ್ದು. ಆ ಸೋಮವಾರ ಅವ್ರ ಜೊತೆ ಕಿಟಕಿ ಹತ್ರ ಕೂತಾಗ ಬಿದ್ದದ್ದು."

ತಿರುಗಿಸಿ ನೋಡಿದೆ. ಚುಕ್ಕಿ ಇತ್ತು. ಅವಳ ಉಗುರಲ್ಲೂ ಅದೇ ನೀಲಿ.

ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುತ್ತಿದ್ದೆ. ಆದರೆ ಗುರುತು ಸರಿಯಾಗಿತ್ತಲ್ಲ! ಅಪ್ಪ ಹಾಕಿಕೊಟ್ಟ ಕ್ರಮಕ್ಕೆ ಅವತ್ತಿನಷ್ಟು ಶಾಪ ನಾನು ಯಾವತ್ತೂ ಹಾಕಿದವನಲ್ಲ. "ಸರಿ ಉಂಟು" ಎಂದು ಅದನ್ನು ಅವಳ ಕಡೆ ಚಾಚಿದೆ. ಅವಳು ಕೈ ನೀಡಲಿಲ್ಲ.

"ನಂಗೆ ಬೇಡ. ರೋಜ್ ಬೆಳಿಗ್ಗೆ ನೀವು ಅದಕ್ಕೆ ಊದುಬತ್ತಿ ತೋರಿಸ್ತಿದ್ರಿ, ನಾನು ಇಲ್ಲಿ ಕೂತು ಇಡ್ಲಿ ತಿಂತಿದ್ದೆ. ಆ ಹುಡುಗನಿಗೆ ಸಾರಿ ಹೇಳಿ, ಪ್ಲೀಸ್."

"ಇನ್ನೊಂದುಂಟಾ?" ಎಂದು ಕೇಳಿದೆ. ಯಾಕೆ ಹೊಳೆಯಿತೋ ಗೊತ್ತಿಲ್ಲ. ಎಂಟು ದಿನವೂ ಕೆಮ್ಮು ನಿಂತಿರಲಿಲ್ಲವಲ್ಲ.

ಬ್ಯಾಗಿನ ಜಿಪ್ಪು ಎಳೆದಳು. ಒಳಗಿನಿಂದ ಗುಲಾಬಿ ಬಣ್ಣದ್ದೊಂದು ತೆಗೆದು ಗಲ್ಲೆಯ ಮೇಲೆ ಇಟ್ಟಳು. "ಸ್ಟ್ರಾಬೆರಿ. ಏನೂ ಆಗಲ್ಲ, ಬರೀ ಫ್ಲೇವರ್ ಅಂದಿದ್ರು ಪಪ್ಪಾ. ಆಮೇಲೆ ಬಿಡ್ಲಿಕ್ಕೇ ಆಗ್ಲಿಲ್ಲ."

ಹುಡುಗನನ್ನು ಕಾಲೇಜಿನ ಗೇಟಿನ ಹತ್ತಿರ ಹಿಡಿದೆ. ನನ್ನ ಕ್ಷಮೆ ಪೂರ್ತಿ ಕೇಳಿಸಿಕೊಂಡು, ದೋಸೆ ಇನ್ನೂ ಅರ್ಧ ಬಾಕಿ ಇತ್ತು ಅಂಕಲ್ ಎಂದ. ಬಿಸಿಯಾಗಿ ಹೊಸದೇ ಹಾಕಿಸಿದೆ.

ಆದಿತ್ಯವಾರ ಪುಂಡುವೇಷ ಬೇರೆಯವಳಿಗೆ ಹೋಯಿತು. ಕಾರಣವನ್ನು ಗುರುಗಳಿಗೆ ಮಗಳೇ ಹೇಳಿದಳು. ಅವರು ಬೈಯಲಿಲ್ಲ, ನಿಂತಲ್ಲೇ ನಾಲ್ಕು ಮಾತಾಡಿ ಹೋಗುವ ದೂತನ ವೇಷ ಕೊಟ್ಟರು. ಅವಳನ್ನು ತೋರಿಸಿದಾಗ ಡಾಕ್ಟರರು, ಕೆಮ್ಮಿಗಿಂತ ಚಟ ಬಿಡುವುದಕ್ಕೆ ಹೆಚ್ಚು ದಿನ ಬೇಕಾದೀತು, ಜೊತೆಗಿರಿ ಎಂದರು.

ಆ ಎರಡು ಮಿಷನ್ನುಗಳು ಈಗಲೂ ಗಲ್ಲೆಯಡಿ ಒಂದು ಸ್ಟೀಲ್ ಡಬ್ಬಿಯಲ್ಲಿವೆ. ಪೊಲೀಸರಿಗೆ ಬೇಡ, ಕಸದವನಿಗೆ ಬೇಡ, ಯಾರಿಗೆ ಕೊಡಲಿ ಹೇಳಿ? ಎದುರಿನ ಅಂಗಡಿಯವನು ಮಾತ್ರ ಆ ಬರಹದ ನೆರಳಲ್ಲಿ ಆರಾಮಾಗಿದ್ದಾನೆ.

ಮೊನ್ನೆ ಸಂಜೆ ಬಿಲ್ಡಿಂಗಿನ ಟೆರೇಸಿನಲ್ಲಿ ಮಗಳು ಮಂಡಿಯೂರಿ ಒಂದು ಸುತ್ತು ಹಾಕಿ ಎದ್ದಳು. ಒಂದು ಇಡೀ ವಾಕ್ಯ ಬಂತು. ಎರಡನೆಯದರ ನಡುವೆ ಕೆಮ್ಮು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಕುಡಿದಳು, ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಂಡಳು, ಮತ್ತೆ ಮಂಡಿಯೂರಿದಳು.